ರುದ್ರಪ್ಪನವರ ಇಳಿಯದ ಬಿ.ಪಿ.

೧೯೫೩. ಚಾಮರಾಜಪೇಟೆಯಲ್ಲಿ ನಾನು ಸ್ವಂತ ದವಾಖಾನೆ ತೆರೆದು ಆಗಿನ್ನೂ ಎರಡನೆಯ ವರ್ಷ. ಮುಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುವುದು, ಹಿಂದಿನ ಕೋಣೆಯಲ್ಲಿ ಮಲಗುವುದು. ಮದುವೆಯಾಗಿರಲಿಲ್ಲ, ಮನೆಯವರೆಲ್ಲ ದಾವಣಗೆರೆಯಲ್ಲಿದ್ದರು.

ಆ ಬೇಸಿಗೆಯ ಒಂದು ಭಾನುವಾರ ರುದ್ರಪ್ಪನವರು ಬಂದರು. ಐವತ್ತೆರಡು ವರ್ಷ, ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬಂದದ್ದು ಕಾಲಿಗೆ ಮೊಳೆ ಚುಚ್ಚಿತೆಂದು. ಗಾಯಕ್ಕೆ ಪಟ್ಟಿ ಕಟ್ಟಿದ ಮೇಲೆ, ಏಕೋ ಏನೋ, ಬಿ.ಪಿ.ಯನ್ನೂ ನೋಡಿದೆ. 190/116. ಮೇಲಿನ ಅಂಕಿ ಹೃದಯ ರಕ್ತವನ್ನು ದೂಡುವಾಗಿನ ಒತ್ತಡ, ಕೆಳಗಿನದು ಅದು ಸಡಿಲಗೊಂಡಾಗಿನದು. ಎರಡೂ ಮಿತಿ ಮೀರಿದ್ದವು.

"ತಲೆನೋವು, ತಲೆಸುತ್ತು ಏನಾದ್ರೂ?"

"ಏನೂ ಇಲ್ಲ ಡಾಕ್ಟ್ರೇ, ಗುಂಡುಕಲ್ಲಿನ ಹಾಗಿದೀನಿ."

ಈ ರೋಗದ ಮೋಸವೇ ಅದು. ಕೆದಕಿ ಕೇಳಿದಾಗ ಒಂದೊಂದೇ ಹೊರಬಿತ್ತು. ತಂದೆ ಲಕ್ವ ಹೊಡೆದು ಸತ್ತವರು. ದಿನಕ್ಕೊಂದು ಕಟ್ಟು ಬೀಡಿ ಬೇಕು. ಒಬ್ಬನಿಗಾಗಿ ಸಾರು ಯಾಕೆಂದು ಎರಡು ಹೊತ್ತೂ ಅನ್ನ, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ. ಆಗ ನಮ್ಮ ಕೈಯಲ್ಲಿದ್ದ ಔಷಧಗಳೇ ಕಡಿಮೆ. ಸರ್ಪಗಂಧದ ಮಾತ್ರೆಯನ್ನು ವಾರಕ್ಕಾಗುವಷ್ಟು ಪೊಟ್ಟಣ ಕಟ್ಟಿಕೊಟ್ಟು, ಬೀಡಿ ಬಿಟ್ಟು ಉಪ್ಪು ಕಡಿಮೆ ಮಾಡಲು ಹೇಳಿದೆ. "ಪ್ರತಿ ಭಾನುವಾರ ಬಂದು ತೋರಿಸಿ. ಬಿ.ಪಿ. ಇಳಿದ್ಮೇಲೆ ತಿಂಗಳಿಗೊಂದ್ಸಲ ಬಂದ್ರೆ ಸಾಕು."

ಭಾನುವಾರ ಅವರು ಗಡ್ಡ ಹೆರೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಉಳಿದವರೆಲ್ಲ ಹೋಗುವವರೆಗೆ ಕಾಯುತ್ತಿದ್ದರು. ನಲವತ್ತು ಸೀರೆ ತೆಗೆಸಿ ಕೊನೆಗೆ ಮೊದಲನೆಯದನ್ನೇ ಒಯ್ದ ಗಿರಾಕಿಯ ಕಥೆ ಹೇಳಿ ನಗಿಸುತ್ತಿದ್ದರು. ಬಿ.ಪಿ. ನೋಡಿ ಮುಗಿದರೂ ಮಡಿಚಿದ ಅಂಗಿಯ ತೋಳನ್ನು ಇಳಿಸದೆ ಕೂತಿರುತ್ತಿದ್ದರು. ಆ ಊರಲ್ಲಿ ರೋಗದ ಮಾತಲ್ಲದೆ ಬೇರೆ ಮಾತಾಡಲು ನನಗೂ ಇದ್ದದ್ದು ಅವರೊಬ್ಬರೇ.

ಆದರೆ ಅಂಕಿ ಇಳಿಯಲಿಲ್ಲ. 188, 192, ಮತ್ತೆ 190. ಮಾತ್ರೆಯನ್ನು ಎರಡರಷ್ಟು ಮಾಡಿದೆ. "ತಪ್ಪದೆ ತಗೊಳ್ತಿದೀರಾ?" ಎಂದರೆ, "ಒಂದು ದಿನಾನೂ ತಪ್ಪಿಸಿಲ್ಲ" ಎನ್ನುತ್ತಿದ್ದರು.

ಹದಿಮೂರನೆಯ ಭಾನುವಾರ ಅವರು ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು, ಅವರಿದ್ದ ವಠಾರಕ್ಕೆ ಹೋದೆ. ಚಾಪೆಯ ಮೇಲೆ ಬಿದ್ದಿದ್ದರು. ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗೈ ಏಳುತ್ತಿರಲಿಲ್ಲ. ಗೋಡೆಯಾಚೆಯ ಸಂಸಾರಕ್ಕೆ ಗೊತ್ತೇ ಆಗಿರಲಿಲ್ಲ. ಆಸ್ಪತ್ರೆಗೆ ಒಯ್ಯಲು ಒಂದು ಶುಭ್ರ ಪಂಚೆಗಾಗಿ ಅವರ ಟ್ರಂಕು ತೆರೆದೆ. ಪಂಚೆಗಳ ಪಕ್ಕದಲ್ಲಿ ನಾನು ಕೊಟ್ಟ ಹನ್ನೆರಡು ಪೊಟ್ಟಣಗಳೂ ಕಟ್ಟಿದ ದಾರ ಬಿಚ್ಚದೆ ಸಾಲಾಗಿ ಕೂತಿದ್ದವು.

ನಾಲಿಗೆ ಸ್ವಲ್ಪ ತಿರುಗಲು ಒಂಬತ್ತು ದಿನ ಹಿಡಿಯಿತು. ಸಿಟ್ಟು ತಡೆಯಲಾಗದೆ, "ಯಾಕ್ ಹೀಗ್ಮಾಡಿದ್ರಿ?" ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. "ಇಳಿದ್ರೆ... ತಿಂಗಳಿಗೊಂದ್ಸಲ ಅಂದಿದ್ರಲ್ಲ."

ಸಿಹಿಸುದ್ದಿ ಎಂದುಕೊಂಡು ನಾನು ಆಡಿದ್ದ ಮಾತದು. ಸ್ಟೂಲನ್ನು ಅವರ ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತೆ.

"ಇನ್ಮೇಲೆ ಬಿ.ಪಿ. ಎಷ್ಟಾದ್ರೂ ಇರ್ಲಿ, ಭಾನುವಾರ ಬನ್ನಿ," ಎಂದೆ. "ಮಾತ್ರೆ ಮಾತ್ರ ತಗೊಳ್ಳಲೇಬೇಕು. ಊಟ ಇಬ್ರೂ ಒಟ್ಟಿಗೆ ಮಾಡೋಣ."

ಬಂದರು, ಕೋಲೂರಿಕೊಂಡು. ಉಪ್ಪು ಕಡಿಮೆ ಹಾಕಿದ ನನ್ನ ಸಾರು ಬಾಯಿಗಿಟ್ಟು, "ಇದಕ್ಕಿಂತ ಲಕ್ವಾನೇ ವಾಸಿ ಡಾಕ್ಟ್ರೇ" ಎಂದರು. ದೀಪಾವಳಿಯ ಹೊತ್ತಿಗೆ ಅಂಕಿ 154/94ಕ್ಕೆ ಇಳಿಯಿತು. ಬಲಗೈ ಮಾತ್ರ ಮತ್ತೆ ಸೀರೆ ಬಿಚ್ಚುವಷ್ಟು ಸುಧಾರಿಸಲಿಲ್ಲ. ಅಂಗಡಿಯವರು ಅವರನ್ನು ಬಾಗಿಲಲ್ಲಿ ಕೂರಿಸಿ, ಬಂದವರನ್ನು ಮಾತಾಡಿಸುವ ಕೆಲಸ ಕೊಟ್ಟರು. ಇನ್ನೂ ಆರು ವರ್ಷ ಬದುಕಿದ್ದರು.

ಎಷ್ಟು ಉಪ್ಪು, ಎಷ್ಟು ಬೀಡಿ ಎಂದು ಕೇಳುವುದನ್ನು ನನಗೆ ಕಾಲೇಜು ಕಲಿಸಿತ್ತು. ಆಮೇಲಿನ ಮೂವತ್ತು ವರ್ಷ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ: "ಊಟಕ್ಕೆ ಜೊತೆಗೆ ಯಾರಿರ್ತಾರೆ?" ಹೆಚ್ಚಿನವರು ಥಟ್ಟನೆ ಉತ್ತರಿಸುತ್ತಿದ್ದರು. ಕೆಲವರು ತಡವರಿಸುತ್ತಿದ್ದರು. ಅಂಥವರಿಗೆ "ಇನ್ನು ಬರೋದು ಬೇಡ" ಎಂದು ನಾನು ಎಂದೂ ಹೇಳಲಿಲ್ಲ.