ಗಾಳಿ ದಲ್ಲಾಳಿಗೆ ಸ್ವಂತ ನಾಟಕ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹರಪನಹಳ್ಳಿ ಸುತ್ತಿನ ಹಳ್ಳಿಗಳಿಗೆ ನಾಟಕ ಬರೆದು ಕಲಿಸುತ್ತಿದ್ದೆ. ಗೌಡನ ದರ್ಪ, ತಂಗಿಯ ತಾಳಿ ಇವನ್ನೇ ಬರೆದು ಬರೆದು ನನಗೇ ವಾಕರಿಕೆ ಬಂದಿತ್ತು. ಆ ಸಿಟ್ಟಿನಲ್ಲಿ ತೆಲಿಗಿ ಹತ್ತಿರದ ಹಳ್ಳಿಯೊಂದಕ್ಕೆ ಚಂದ್ರಲೋಕದ ನಾಟಕ ಬರೆದುಕೊಟ್ಟೆ. ಪರದೆಯ ಮೇಲೆ ರಾಕೆಟ್ ಬರೆಸಿದೆವು. ಜನ ಒಪ್ಪಿದರು. ಮರುವರ್ಷ ಅದೇ ನಾಯಕ, ಅದೇ ರಾಕೆಟ್, ಎರಡನೇ ನಾಟಕ.

ಅದರಲ್ಲಿ ಗಾಳಿ ಮಾರುವ ದಲ್ಲಾಳಿಯೊಬ್ಬನಿದ್ದ. ಚಂದ್ರನ ಮೇಲೆ ಉಸಿರಾಡಲು ಗಾಳಿಯಿಲ್ಲವಲ್ಲ, ಸಿಲಿಂಡರಿನಲ್ಲಿ ತುಂಬಿ ರಾಜನ ಕಡೆಯವರಿಗೂ ಮಾರುತ್ತಿದ್ದ, ದಂಗೆಯೆದ್ದವರಿಗೂ ಮಾರುತ್ತಿದ್ದ. ಕಳ್ಳ ಎನ್ನಲಾಗದು, ಸಾಚಾ ಎನ್ನಲೂ ಆಗದು. ಇದ್ದದ್ದು ಸಣ್ಣ ಪಾತ್ರ. ಕುರಿ ಸಾಕುವ ಒಬ್ಬಾತ ಅದನ್ನು ಮಾಡಿದ. ನಾಯಕನ ಹಾಡಿಗಿಂತ, ರೇಟು ಹೇಳುವ ಮೊದಲು ಅವನು ಕೆಮ್ಮುತ್ತಿದ್ದ ಕೆಮ್ಮಿಗೇ ಹೆಚ್ಚು ಸಿಳ್ಳೆ ಬಿದ್ದವು. ಮುಂದಿನ ವರ್ಷ ಊರವರದು ಒಂದೇ ಹಟ, ದಲ್ಲಾಳಿಯದ್ದೇ ನಾಟಕ ಬೇಕು.

ಬರೆದೆ. ಬಹಳ ದಿನಗಳ ಮೇಲೆ ಖುಷಿಯಿಂದ ಬರೆದೆ. ತಾಲೀಮು ಶುರುವಾದ ಸಂಜೆಯೇ ಕುರಿಯವನು ನನ್ನನ್ನು ಪಕ್ಕಕ್ಕೆ ಕರೆದ.

“ಮಾಸ್ತರ್ರ, ಮಗಳಿಗೆ ಹಗರಿಬೊಮ್ಮನಹಳ್ಳಿ ಕಡಿಂದ ಗಂಡು ಬಂದೈತ್ರಿ. ಬೀಗರಾಗೋರು ನಾಟಕ ನೋಡಾಕ ಬರ್ತಾರ. ಆಮ್ಯಾಲೆ ಮಾತು ಕೊಡ್ತೀವಿ ಅಂದಾರ. ಈ ದಲ್ಲಾಳಿನ್ನ ಒಳ್ಳ್ಯಾವನ್ನ ಮಾಡ್ರಿ.”

“ಹೋದ ವರ್ಷಾನೂ ಇವನ್ನೇ ಮಾಡಿದ್ದೆಲ್ಲೋ ಮಾರಾಯ?”

“ಆಗ ಸಣ್ಣ ಪಾತ್ರ ಇತ್ರಿ, ನಕ್ಕು ಬಿಟ್ರು. ಈಗ ಹೀರೋ ಅದೀನಿ. ಹೀರೋ ಮಾಡಿದ್ದೆಲ್ಲ ನಾನಾ ಮಾಡಿದಂಗ.”

ನಗಬೇಕೆನಿಸಿದರೂ ನಗಲಿಲ್ಲ. ನಮ್ಮ ಕಡೆ ನಾಟಕದ ನಡುವೆಯೇ ನೆಂಟರು ವೇದಿಕೆ ಹತ್ತಿ ಹೀರೋಗೆ ಹಾರ ಹಾಕಿ, ಮೈಕಿನಲ್ಲಿ ನಾಲ್ಕು ಮಾತಾಡಿ ಇಳಿಯುತ್ತಾರೆ. ಅಷ್ಟೂ ಹೊತ್ತು ಕಥೆ ಕಾಯಬೇಕು. ಹಾರ ಬೀಳುವುದು ಪಾತ್ರಕ್ಕೋ ಮನುಷ್ಯನಿಗೋ ಎಂದು ಯಾರೂ ವಿಂಗಡಿಸುವುದಿಲ್ಲ. ಮೋಸಗಾರನ ಕೊರಳಿಗೆ ಬೀಗರು ಹಾರ ಹಾಕುವುದು ಹೇಗೆ?

ತಾಲೀಮಿಗೊಂದರಂತೆ ದಲ್ಲಾಳಿಯ ಕಳ್ಳಾಟಗಳನ್ನು ಕಿತ್ತೆ. ತಿದ್ದಿದ್ದನ್ನೇ ಮತ್ತೆ ತಿದ್ದಿದೆ. ಬಸ್ಸಿನಲ್ಲಿ ಹೋಗುವಾಗಲೂ ತಿದ್ದು, ಬರುವಾಗಲೂ ತಿದ್ದು. ಕೊನೆಗೆ ಉಳಿದವನು ಬಡವರಿಗೆಲ್ಲ ಗಾಳಿಯನ್ನು ಪುಕ್ಕಟೆ ಹಂಚುವ ಒಬ್ಬ ಪುಣ್ಯಾತ್ಮ. ತಾಲೀಮಿನಲ್ಲಿ ಒಬ್ಬರೂ ನಗಲಿಲ್ಲ. ನನಗೆ ಸಾಕುಸಾಕಾಗಿ ಹೋಗಿತ್ತು.

ನಾಟಕದ ದಿನ ಬೀಗರಾಗುವವರು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಗಾಳಿ ಹಂಚುವ ಸೀನು ಮುಗಿಯುತ್ತಿದ್ದಂತೆ ಗಂಡಿನ ಅಪ್ಪ ಹಾರ ಹಿಡಿದು ವೇದಿಕೆ ಹತ್ತಿದರು. ಹಾರ ಹಾಕಲಿಲ್ಲ. ಕೈಯಲ್ಲೇ ಹಿಡಿದು ಮೈಕಿನ ಮುಂದೆ ನಿಂತರು.

“ಹೋದ ವರ್ಷ ಈ ದಲ್ಲಾಳಿನ್ನ ನೋಡಿ, ಭಾಳ ಬೆರಕಿ ಅದಾನ, ಯಾರ ಕೈಗೂ ಮೋಸ ಹೋಗಂಗಿಲ್ಲ, ಸಂಸಾರ ತಿಳಿದಾವ ಅಂತ ನಾವಾಗೇ ಹೆಣ್ಣು ಕೇಳಾಕ ಬಂದ್ವಿ. ಈಗ ನೋಡಿದ್ರ ಎಲ್ಲಾ ಪುಕ್ಕಟೆ ಹಂಚಿ ಕುಂತಾನ. ಹಿಂಗಾದ್ರ ಮನಿ ಉಳೀತೈತೇನ್ರಿ?”

ಜನ ನಕ್ಕರು. ಅವರು ಮಾತ್ರ ನಗಲಿಲ್ಲ. ವೇದಿಕೆಯ ಕೆಳಗೆ ಕೂತು ಹಾರ್ಮೋನಿಯಂ ನುಡಿಸುತ್ತಿದ್ದ ನಾನು ನಿಲ್ಲಿಸಿದೆ. ಹುಡುಗಿಯ ಅವ್ವ ಹೆಂಗಸರ ನಡುವೆ ಸೆರಗು ಬಾಯಿಗೊತ್ತಿಕೊಂಡಿದ್ದಳು. ಕುರಿಯವನು ನನ್ನ ಕಡೆ ನೋಡಿದ. ಹೇಳಿಕೊಡಲು ಮಾತು ಹುಡುಕುತ್ತಾ ನಾನು ನಾಟಕದ ಹಾಳೆ ತಿರುವತೊಡಗಿದೆ.

ಅವನು ಹಳೇ ದಲ್ಲಾಳಿಯ ಹಾಗೆ ಒಮ್ಮೆ ಕೆಮ್ಮಿದ.

“ಗಾಳಿ ಪುಕ್ಕಟೆ ಕೊಟ್ಟೀನ್ರಿ ಬೀಗ್ರ. ಸಿಲಿಂಡರ್ ಬಾಡಿಗಿ ಬಿಟ್ಟಿಲ್ಲ.”

ಚಪ್ಪಾಳೆಗೆ ಚಪ್ಪರ ನಡುಗಿತು. ಗಂಡಿನ ಅಪ್ಪ ಹೊಟ್ಟೆ ಹಿಡಿದು ನಗುತ್ತಾ ಹಾರ ಹಾಕಿದರು, ಮಾತು ಗಟ್ಟಿಯಾಯಿತೆಂದು ಮೈಕಿನಲ್ಲೇ ಸಾರಿದರು. ನನಗೆ ಹೊಟ್ಟೆ ಉರಿಯಿತು. ಅಷ್ಟು ದಿನ ತಿದ್ದಿಯೂ ನನಗೆ ಸಿಗದ ಮಾತು ಅದು.

ಮುಂದಿನ ಸೀನಿನಲ್ಲಿ ಅವನು ತನ್ನ ಪಾಲಿನ ಗಾಳಿಯನ್ನೂ ದಾನಮಾಡಿ ಸಾಯಬೇಕಿತ್ತು. ಹಾರ ತೆಗೆಯದೆಯೇ ನನ್ನತ್ತ ಬಗ್ಗಿ ಪಿಸುಗುಟ್ಟಿದ.

“ಮಾಸ್ತರ್ರ, ನಾ ಸಾಯಂಗಿಲ್ರಿ. ಬೀಗ್ರು ಕುಂತಾರ.”

“ಆತಪ್ಪ, ಸಾಯಬ್ಯಾಡ,” ಎಂದೆ.