ಸುಜಾತಾ-ಸಾನ್ ಇರುವ ಊರಿಗೆ

ದಸರಾ ರಜೆಯ ಎರಡನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ನಾವು ಮಧುಗಿರಿ ಬಿಟ್ಟೆವು. ನಾವು ಎಂದರೆ ನಾನು, ನನ್ನ ಗಂಡ ಅಶೋಕ, ಮತ್ತು ಬೆಳಗಿನ ಬಸ್ಸಿಗೆ ಪಾವಗಡದಿಂದ ಬಂದಿಳಿದಿದ್ದ ಅತ್ತೆ, ಮಾವ. ಹೊರಟಿದ್ದು ಜಪಾನಿಗೆ! ಹದಿನಾಲ್ಕು ವರ್ಷಗಳಿಂದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತ, ಭೂಪಟದ ಬಲತುದಿಗೆ ಕೋಲು ಇಟ್ಟು ತೋರಿಸುತ್ತಿದ್ದ ದೇಶ ಅದು. ಸಿರಾ ತಾಲ್ಲೂಕಿನ ನನ್ನ ತವರಿನಲ್ಲಿ ಯಾರೂ ವಿಮಾನ ಹತ್ತಿರಲಿಲ್ಲ. ಹಿಂದಿನ ಇಡೀ ವಾರ ನನಗೆ ಸರಿಯಾಗಿ ಊಟ ಸೇರಿರಲಿಲ್ಲ, ಅಷ್ಟು ಸಂಭ್ರಮ.

ಜಪಾನಿನಲ್ಲಿ ಇದ್ದವಳು ನನ್ನ ನಾದಿನಿ ಸುಜಾತ. ಬೆಂಗಳೂರಿನಲ್ಲಿ ಒಂದು ವರ್ಷ ಭಾಷೆ ಕಲಿತು ಹೋದವಳು ಮೂರು ವರ್ಷದಿಂದ ಊರಿಗೆ ಬಂದಿರಲಿಲ್ಲ. ತನ್ನ ಸಂಬಳದಲ್ಲಿ ಉಳಿಸಿ ಅಪ್ಪ ಅಮ್ಮನಿಗೆ ಟಿಕೆಟ್ ಕಳಿಸಿದ್ದಳು. ಅತ್ತೆ ಮೂರು ಡಬ್ಬಿ ಶೇಂಗಾ ಚಟ್ನಿಪುಡಿ, ಒಂದು ಚೀಲ ನಿಪ್ಪಟ್ಟು ಮಾಡಿ ತಂದಿದ್ದರು. "ಅಲ್ಲಿ ಖಾರಾನೇ ತಿನ್ನಲ್ವಂತೆ ಕಣಮ್ಮ, ಮಗು ಹೆಂಗೆ ಬದುಕ್ತೋ ಏನೋ," ಎಂದು ಕೊರಟಗೆರೆ ದಾಟುವವರೆಗೂ ಹೇಳುತ್ತಿದ್ದರು. ದೊಡ್ಡಬಳ್ಳಾಪುರದ ಮೇಲೆ ಹಾದು ವಿಮಾನ ನಿಲ್ದಾಣ ತಲುಪುವ ಹೊತ್ತಿಗೆ ನಿಪ್ಪಟ್ಟಿನ ಚೀಲ ಅರ್ಧ ಖಾಲಿಯಾಗಿತ್ತು.

ವಿಮಾನದಲ್ಲಿ ಎಂಟು ಗಂಟೆಗೂ ಮಿಕ್ಕಿ ಕೂತು, ಗಡಿಯಾರವನ್ನು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಿ, ಟೋಕಿಯೊದಲ್ಲಿ ಒಂದು ರಾತ್ರಿ ಮಲಗಿ ಎದ್ದೆವು. ಆ ನಗರದ ಬಗ್ಗೆ ಏನೂ ಬರೆಯಲಾರೆ. ಒಂದು ಸ್ಟೇಷನ್ನಿನಲ್ಲಿ ನಾವು ಮುಕ್ಕಾಲು ಗಂಟೆ ದಾರಿ ತಪ್ಪಿ ಸುತ್ತಿದೆವು, ಅಷ್ಟೇ ನೆನಪು. ಬೆಳಗ್ಗೆ ಎಂಟಕ್ಕೆ ಮಾತ್ಸುಮೊತೊ ಎಂಬ ಊರಿನ ರೈಲು ಹಿಡಿದೆವು. ಒಬ್ಬರಿಗೆ ಸುಮಾರು ಆರೂವರೆ ಸಾವಿರ ಯೆನ್, ಎರಡು ಮುಕ್ಕಾಲು ಗಂಟೆಯ ದಾರಿ.

ಆ ರೈಲಿನಲ್ಲಿ ಮಾವನಿಗೆ ಮೊದಲ ಆಶ್ಚರ್ಯ ಕಾದಿತ್ತು. ಅವರು ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಮ್ಮ ಬೋಗಿಗೆ ಬಂದ ಕಂಡಕ್ಟರ್ ಬಾಗಿಲಲ್ಲೇ ನಿಂತು, ಟೋಪಿ ತೆಗೆದು, ಪ್ರಯಾಣಿಕರಿಗೆಲ್ಲ ಸೊಂಟ ಬಗ್ಗಿಸಿ ನಮಸ್ಕರಿಸಿದ. ಯಾರೂ ತಲೆ ಎತ್ತಲಿಲ್ಲ. ಮಾವ ಮಾತ್ರ ದಡಕ್ಕನೆ ಎದ್ದು ಕೈಮುಗಿದರು. ಆತ ಗಾಬರಿಯಾಗಿ ಮತ್ತೊಮ್ಮೆ ಬಗ್ಗಿದ. ಇವರು ಮತ್ತೊಮ್ಮೆ ಕೈಮುಗಿದರು.

"ಕೂತ್ಕಳಪ್ಪ," ಎಂದ ಅಶೋಕ ನಾಚಿ.

"ಸುಮ್ಕಿರ್ಲಾ. ನನ್ನ ಸರ್ವಿಸಲ್ಲಿ ಒಬ್ನಾದ್ರೂ ಎದ್ದು ನಿಂತವ್ನಾ? ಅವನ ಕಷ್ಟ ನಂಗೊತ್ತು."

ಬೆಟ್ಟಗಳ ನಡುವೆ ಸುರಂಗದಿಂದ ಸುರಂಗಕ್ಕೆ ನುಗ್ಗಿ ರೈಲು ಒಮ್ಮೆಲೇ ಬಯಲಿಗೆ ಬಂದಾಗ ಎಡಕ್ಕೆ ದೊಡ್ಡ ಪರ್ವತಸಾಲು ಕಂಡಿತು. ತುದಿಗಳಲ್ಲಿ ವರ್ಷದ ಮೊದಲ ಹಿಮ, ತೆಳ್ಳಗೆ. ಹಿಮವನ್ನು ಕಣ್ಣಾರೆ ಕಂಡಿದ್ದು ಅದೇ ಮೊದಲು. ನಾನು ಕಿರುಚಿದೆನಂತೆ, ಅಶೋಕ ಈಗಲೂ ಹೇಳುತ್ತಾನೆ.

ಮಾತ್ಸುಮೊತೊದಲ್ಲಿ ಸುಜಾತ ಪ್ಲಾಟ್‌ಫಾರಂ ಮೇಲೇ ಕಾಯುತ್ತಿದ್ದಳು. ಅತ್ತೆ ಅವಳನ್ನು ತಬ್ಬಿ, ಕೆನ್ನೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಸಣ್ಣ ಆಗಿಲ್ಲ ಬುಡು," ಎಂದು ಸಮಾಧಾನಪಟ್ಟರು. ಅಲ್ಲಿಂದ ಎರಡೇ ಬೋಗಿಯ ಪುಟ್ಟ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಹೊತಾಕ, ಅವಳು ಕೆಲಸ ಮಾಡುವ ಊರು. ಬಾಗಿಲು ತಾನಾಗಿ ತೆರೆಯುವುದಿಲ್ಲ, ಇಳಿಯುವವರು ಗುಂಡಿ ಒತ್ತಬೇಕು. ಆ ಕೆಲಸವನ್ನು ಮಾವ ಎಲ್ಲ ಸ್ಟೇಷನ್ನುಗಳಲ್ಲೂ ವಹಿಸಿಕೊಂಡರು.

ಹೊತಾಕದಲ್ಲಿ ಎಲ್ಲೆಲ್ಲೂ ನೀರು. ರಸ್ತೆಯ ಎರಡೂ ಬದಿಗೆ, ಮನೆಗಳ ಅಂಗಳದ ಅಂಚಿಗೆ, ಗದ್ದೆಗಳ ನಡುವೆ, ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾದ ನೀರು ಗುಳುಗುಳು ಹರಿಯುತ್ತಿತ್ತು. ತುಂಬ ಖುಷಿಯಾದಾಗ ಮಾವನಿಗೆ ತೆಲುಗು ಬರುತ್ತದೆ. "ಎಂತ ನೀಳ್ಳು ರಾ ನಾಯನಾ, ಎಂತ ನೀಳ್ಳು!" ಎನ್ನುತ್ತ ಕಾಲುವೆಗೆ ಕೈ ಅದ್ದಿ, ಆ ತಣ್ಣನೆಯ ನೀರನ್ನು ಮುಖಕ್ಕೆ ಎರಚಿಕೊಂಡರು. ದಾರಿಬದಿಯಲ್ಲಿ ಅಲ್ಲಲ್ಲಿ ಗಂಡು ಹೆಣ್ಣು ಕೈಹಿಡಿದು ನಿಂತ ಪುಟ್ಟ ಕಲ್ಲುಗಳಿದ್ದವು. ಊರ ದಾರಿ ಕಾಯುವ ದೇವರುಗಳಂತೆ. ಅತ್ತೆ ಒಂದೊಂದಕ್ಕೂ ನಿಂತು ನೋಡಿ, "ಇಬ್ರೂ ನಗ್ತಾವ್ರೆ ನೋಡು ಶೋಭಾ," ಎಂದು ನನಗೆ ತೋರಿಸಿದರು. ಮದುವೆಯಾದ ನಾಲ್ಕು ವರ್ಷಗಳಲ್ಲಿ ಅವರು ನನ್ನನ್ನು 'ಮೇಡಂ' ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದದ್ದು ಅಲ್ಲಿ ಮೊದಲು.

ನಾವು ಉಳಿದದ್ದು ಸುಜಾತಳಿಗೆ ಪರಿಚಯವಿದ್ದ ತಾದಾವೊ ಎಂಬ ಎಪ್ಪತ್ತು ದಾಟಿದ ರೈತರ ಮನೆಯಲ್ಲಿ. ಮನೆಯ ಹಿಂದೆ ಸೇಬಿನ ತೋಟ, ಮುಂದೆ ಭತ್ತದ ಗದ್ದೆ. ಮಧ್ಯಾಹ್ನದ ಊಟಕ್ಕೆ ಸೋಬಾ ಕೊಟ್ಟರು. ಒಂದು ಬಗೆಯ ಕಪ್ಪು ಧಾನ್ಯದ ಹಿಟ್ಟಿನ ಉದ್ದುದ್ದ ಎಳೆಗಳು, ತಣ್ಣಗೆ, ಅದ್ದಿಕೊಳ್ಳಲು ಒಂದು ಬಟ್ಟಲು ಸಾರು. "ನಮ್ಮ ರಾಗಿ ಒತ್ತುಶಾವಿಗೆ ಇದ್ದಂಗೇ ಐತಲ್ಲೇ!" ಎಂದು ಅತ್ತೆ ಚಟ್ನಿಪುಡಿ ಡಬ್ಬಿ ತೆಗೆದು ಉದುರಿಸಿಕೊಂಡರು. ತಾದಾವೊ ತಮ್ಮ ಬಟ್ಟಲನ್ನೂ ಮುಂದೆ ಚಾಚಿದರು. ಒಂದು ತುತ್ತಿಗೆ ಕಣ್ಣಲ್ಲಿ ನೀರು ಬಂತು. ಆದರೂ ಇನ್ನೊಂದು ಚಮಚ ಹಾಕಿಸಿಕೊಂಡರು.

ಸಂಜೆ ಸೇಬಿನ ತೋಟದಲ್ಲಿ ಸುಜಾತ ನನ್ನ ಕೈ ಹಿಡಿದುಕೊಂಡಳು. "ಅತ್ತಿಗೆ, ನಾಳೆ ಅಪ್ಪನ್ನ ನನ್ನ ಕೆಲಸದ ಜಾಗಕ್ಕೆ ಕರ್ಕೊಂಡೋಗ್ಲಾ, ಬೇಡ್ವಾ?"

ಅವಳ ಭಯ ನನಗೆ ಗೊತ್ತಿತ್ತು. ಮಗಳು ಆಸ್ಪತ್ರೆಯಲ್ಲಿ ನರ್ಸ್ ಎಂದು ಮಾವ ನಂಬಿದ್ದರು, ಪಾವಗಡದಲ್ಲೆಲ್ಲ ಹಾಗೇ ಹೇಳಿದ್ದರು. ಅವಳಿದ್ದದ್ದು ವಯಸ್ಸಾದವರ ಆರೈಕೆ ಮನೆಯಲ್ಲಿ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಲಮೂತ್ರ ಶುಚಿ ಮಾಡುವುದು ಅವಳ ಕೆಲಸ. ನನಗೂ ಅಶೋಕನಿಗೂ ಇದು ತಿಳಿದಿತ್ತು. ಮಾವನಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವರ ತಾಯಿ ಬೇರೆಯವರ ಕೊಟ್ಟಿಗೆ, ಬಚ್ಚಲು ಬಾಚಿ ಮಗನನ್ನು ಓದಿಸಿದವರು. ನನ್ನ ಮಕ್ಕಳು ಇನ್ನೊಬ್ಬರ ಹೊಲಸು ಮುಟ್ಟಬಾರದು ಎಂಬುದು ಮಾವ ಬದುಕಿಡೀ ಹಿಡಿದ ಹಟ.

"ಕರ್ಕೊಂಡು ಹೋಗು ಸುಜಿ. ಮುಚ್ಚಿಟ್ಟು ಎಷ್ಟು ದಿನ?" ಎಂದೆ.

ಮರುದಿನ ಹತ್ತು ಗಂಟೆಗೆ ಹೋದೆವು. ಒಂದೇ ಅಂತಸ್ತಿನ ಮರದ ಕಟ್ಟಡ, ಬಿಸಿಲು ತುಂಬಿದ ಹಜಾರ. ಇಪ್ಪತ್ತರಷ್ಟು ಅಜ್ಜ ಅಜ್ಜಿಯರು ನಮಗೆ ಚಪ್ಪಾಳೆ ತಟ್ಟಿದರು. ಚಹಾ ಬಂತು. ಆಗ ಮೂಲೆಯ ಗಾಲಿಕುರ್ಚಿಯಲ್ಲಿದ್ದ ತೊಂಬತ್ತರ ಅಜ್ಜಿಯೊಬ್ಬರು ಸುಜಾತಳ ಕಡೆ ನೋಡಿ ಸಣ್ಣಗೆ ಕೈ ಎತ್ತಿದರು. ಅವರ ಹೆಸರು ಕಿಯೊ. ಸುಜಾತ ಎದ್ದು ಅವರನ್ನು ಪರದೆಯ ಹಿಂದೆ ಕರೆದೊಯ್ದಳು. ಹತ್ತು ನಿಮಿಷದ ಮೇಲೆ ಕೈಗವಸು ತೊಟ್ಟು, ಗಂಟು ಕಟ್ಟಿದ ಚೀಲ, ಕೊಳೆಯಾದ ಬಟ್ಟೆ ಹಿಡಿದು ಹೊರಬಂದಳು. ಹಿಂದಿನಿಂದ ಅಜ್ಜಿ ಕುರ್ಚಿಯಲ್ಲೇ ಬಗ್ಗಿ, "ಸುಜಾತಾ-ಸಾನ್, ಅರಿಗಾತೊ," ಎಂದರು. ಸುಜಾತಮ್ಮನವರೇ, ನಿಮ್ಮಿಂದ ಉಪಕಾರವಾಯಿತು ಎಂದ ಹಾಗೆ.

ಮಾವ ಚಹಾ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಸುಜಾತ ಓಡಿಬಂದಳು.

"ಇದುಕ್ಕೇನಮ್ಮ ಸಮುದ್ರ ದಾಟ್ಕಂಡು ಬಂದಿದ್ದು?" ಎಂದು ಕೇಳಿದರು. ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿದ್ದು. ಅವಳು ಬಾಯಿ ತೆರೆಯುವಷ್ಟರಲ್ಲಿ ನಡೆದುಬಿಟ್ಟಿದ್ದರು.

ಅವತ್ತಿಡೀ ಅವರು ಮನೆಯ ಹಿಂದಿನ ಸೇಬಿನ ತೋಟದಲ್ಲಿ ಒಬ್ಬರೇ ಸುತ್ತುತ್ತಿದ್ದರು. ಅತ್ತೆ ಮಾತ್ರ ಮಗಳ ತಲೆಗೆ ಎಣ್ಣೆ ಹಚ್ಚುತ್ತ, "ನಿಮ್ಮಪ್ಪಂಗೆ ನಾನೇಳ್ತೀನಿ ಸುಮ್ಕಿರು," ಎನ್ನುತ್ತಿದ್ದರು.

ಮರುದಿನ ಬೆಳಗ್ಗೆ ಒಳ್ಳೆಯ ಬಿಸಿಲು, ಹತ್ತು ಡಿಗ್ರಿ ಚಳಿ. ತಾದಾವೊ ಕೊಯ್ದ ಭತ್ತದ ಹಿಡಿಗಳನ್ನು ಗದ್ದೆಯಲ್ಲಿ ಅಡ್ಡಕ್ಕೆ ಗಳ ಕಟ್ಟಿ ಒಣಹಾಕುತ್ತಿದ್ದರು. ಮಾವ ಪ್ಯಾಂಟು ಮಡಿಸಿ ನೇರ ಗದ್ದೆಗೆ ಇಳಿದರು. ನಾನೂ ಇಳಿದೆ. ಅವರು ಹಿಡಿ ಎತ್ತಿ ಕೊಡುವುದು, ತಾದಾವೊ ಇಬ್ಭಾಗ ಮಾಡಿ ಗಳಕ್ಕೆ ನೇತುಹಾಕುವುದು. ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೂ ಅರ್ಧ ಗಂಟೆಯಲ್ಲಿ ಮಾವ "ಬಿರ್‍ನೆ, ಬಿರ್‍ನೆ!" ಎಂದು ಅವಸರ ಮಾಡುವುದೂ ತಾದಾವೊ "ಹಾಯ್, ಹಾಯ್!" ಎಂದು ತಮ್ಮ ಭಾಷೆಯಲ್ಲಿ ಹೂಂಗುಟ್ಟಿ ನಗುವುದೂ ನಡೆದಿತ್ತು. ಹಿಂದಿನ ದಿನದ ಮುಖ ಸಡಿಲವಾಗುತ್ತಿದೆ ಎಂದು ನಾನು ಖುಷಿಪಡುತ್ತಿದ್ದೆ.

ಆಗಲೇ ಕಾಲುವೆಯ ಅಂಚಿನ ಪಾಚಿಯ ಮೇಲೆ ಅವರ ಕಾಲು ಜಾರಿತು. ಬದುವಿನ ಮೇಲೆ ಧೊಪ್ಪನೆ ಕೂತರು. ಬಲಗಾಲು ಪಾದದ ಹತ್ತಿರ ತಿರುಚಿ ನೀರಿನಲ್ಲಿತ್ತು. ಅಶೋಕ ಓಡಿಬಂದು ರಟ್ಟೆ ಹಿಡಿದು ಜಗ್ಗಿದ. "ಅಯ್ಯೋ, ಬುಡ್ಲಾ!" ಎಂದು ಚೀರಿದರು. ತಾದಾವೊ ಇನ್ನೊಂದು ರಟ್ಟೆ ಹಿಡಿದರು. ಎಂಬತ್ತು ಕೆಜಿಯ ಆಳು ಅಲ್ಲಾಡಲಿಲ್ಲ. ಮೂಳೆ ಮುರಿದಿದ್ದರೆ ಈ ದೂರದ ಊರಿನಲ್ಲಿ ಏನು ಗತಿ?

ಸುಜಾತ ಮನೆಯೊಳಗಿಂದ ಬಂದಳು. ಓಡುತ್ತ ಬಂದವಳು ಹತ್ತಿರ ಬರುತ್ತಲೇ ನಿಧಾನಿಸಿದಳು. ಅಪ್ಪನ ಎದುರು ಕೆಸರಿನಲ್ಲಿ ಮಂಡಿಯೂರಿ, ಮೊದಲು ಕಾಲು ಮುಟ್ಟಿ ನೋಡಿದಳು. ಆಮೇಲೆ ಅಣ್ಣನಿಗೆ ಕೈ ಬಿಡಲು ಹೇಳಿದಳು.

"ಅಪ್ಪಾ, ನನ್ನ ಕತ್ತು ತಬ್ಕೋ. ಗದ್ದ ನನ್ನ ಭುಜದ ಮ್ಯಾಲಿಡು. ಬಗ್ಗು, ಇನ್ನೂ ಬಗ್ಗು. ನಿನ್ನ ಭಾರ ನಂಗೆ ಕೊಡು."

"ಬಿದ್ದೋಯ್ತೀಯಾ ಕಣಮ್ಮ..."

"ಬೀಳಲ್ಲ. ಒಂದು, ಎರಡು, ಮೂರು."

ಐದಡಿ ಹುಡುಗಿ ಅವರನ್ನು ಎತ್ತಿ ನಿಲ್ಲಿಸಿದಳು. ತಿಣುಕಲಿಲ್ಲ, ಎಳೆದಾಡಲಿಲ್ಲ. ಕುಣಿತದ ಒಂದು ಹೆಜ್ಜೆಯಂತೆ ಇಬ್ಬರೂ ಒಟ್ಟಿಗೆ ಎದ್ದರು. ಮಾವ ಒಂಟಿಕಾಲಿನಲ್ಲಿ ನಿಂತು ಅವಳನ್ನು ಬೆರಗಿನಿಂದ ನೋಡಿದರು.

ಜಗಲಿಗೆ ತಂದು ಕೂರಿಸಿ, ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ಅವಳು ಕೆಸರು ತೊಳೆಯತೊಡಗಿದಳು. ಮಾವ ಕಾಲು ಹಿಂದಕ್ಕೆ ಎಳೆದುಕೊಂಡರು. "ಬ್ಯಾಡಮ್ಮ, ನೀನು ಮುಟ್ಬ್ಯಾಡ."

"ಸುಮ್ನಿರಪ್ಪ. ನಂಗೆ ಬರೋ ಕೆಲಸ ಇದು. ಚೆನ್ನಾಗಿ ಬರುತ್ತೆ."

ಬೆರಳುಗಳ ನಡುವೆ ಒಂದೊಂದಾಗಿ ಒರೆಸಿದಳು. ನೋವಿರುವ ಜಾಗಕ್ಕೆ ಕೈ ಹೋಗುವ ಮೊದಲು "ಇಲ್ಲಿ ಮುಟ್ತೀನಿ" ಎಂದು ಹೇಳಿ ಮುಟ್ಟುತ್ತಿದ್ದಳು.

"ನಮ್ಮವ್ವ ಅಷ್ಟೊಂದ್ ಮನೆ ಬಾಚಿದ್ಲು," ಎಂದರು ಮಾವ. "ಒಬ್ರೂ ಅವಳ್ನ ಹೆಸರಿಡ್ದು ಕರೀಲಿಲ್ಲ. ಲೇ ಅಂತಿದ್ರು, ಅಷ್ಟೇಯ. ನಿನ್ನ ಆ ಅಜ್ಜಿ ಬಗ್ಗಿ ಸಾನ್ ಅಂದ್ಲಲ್ಲ... ನಿನ್ನೆಯಿಂದ ಅದೇ ಕಿವೀಲೈತೆ." ಬೋಗುಣಿಯ ನೀರನ್ನೇ ನೋಡುತ್ತ, "ನಮ್ಮವ್ವ ಹಾಸಿಗೆ ಹಿಡ್ದಾಗ ಇಂಗೆ ಯಾರೂ ನೋಡ್ಕಳ್ಳಿಲ್ಲ ಕಣಮ್ಮ. ನಾನು ಡ್ಯೂಟಿ ಮ್ಯಾಲಿದ್ದೆ," ಎಂದರು.

ಸುಜಾತ ತಲೆ ಎತ್ತಲಿಲ್ಲ. ಅವಳ ಕಣ್ಣೀರು ಬೋಗುಣಿಗೆ ಬೀಳುತ್ತಿತ್ತು. ಅತ್ತೆ ಸೆರಗಿನಿಂದ ಮಗಳ ಮುಖ ಒರೆಸಿ, ಅದೇ ಸೆರಗಿನಿಂದ ಗಂಡನ ಮುಖವನ್ನೂ ಒರೆಸಿದರು.

ಡಾಕ್ಟರು ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲ, ಉಳುಕು ಎಂದರು. ನಮಗೆಲ್ಲ ಜೀವ ಬಂತು. ಸಂಜೆ ಪಾವಗಡದಿಂದ ಮಾವನ ಅಣ್ಣ ವಿಡಿಯೊ ಕರೆ ಮಾಡಿದರು. "ಎಂಗೈತಲಾ ಮಗಳ ಆಸ್ಪತ್ರೆ? ದೊಡ್ಡದಾ?" ಎಂದು ಕೇಳಿದರು.

"ಆಸ್ಪತ್ರೆ ಅಲ್ಲ ಕಣಣ್ಣ. ವಯಸ್ಸಾದೋರ ಮನೆ. ಅವರ ಕಕ್ಕಸಿಂದ ಹಿಡ್ದು ಎಲ್ಲಾ ಇವಳೇ ನೋಡ್ಕಂತಾಳೆ. ಇವತ್ತು ನನ್ನೂ ಎತ್ತಿದ್ಲು," ಎಂದು ಕಟ್ಟು ಹಾಕಿದ ಕಾಲನ್ನು ಫೋನಿಗೆ ತೋರಿಸಿದರು. ಅತ್ತ ಆ ಅಣ್ಣ ಕೂಡಲೇ ಮಾತು ತಿರುಗಿಸಿ, ಅಲ್ಲಿ ಮಳೆ ಹೆಂಗೆ ಎಂದು ಕೇಳಿದರು.

ಆರನೆಯ ದಿನ ನಾವು ಮತ್ತೆ ಆ ಆರೈಕೆ ಮನೆಗೆ ಹೋದೆವು. ಈ ಸಲ ಮಾವನೂ ಅಲ್ಲಿಯವರೇ ಕಳಿಸಿದ್ದ ಗಾಲಿಕುರ್ಚಿಯಲ್ಲಿದ್ದರು. ಅದನ್ನು ಕಂಡು ಹಜಾರಕ್ಕೆ ಹಜಾರವೇ ನಕ್ಕಿತು. ಕಿಯೊ ಅಜ್ಜಿಯ ಪಕ್ಕಕ್ಕೆ ಕುರ್ಚಿ ನಿಲ್ಲಿಸಿಕೊಂಡು ಮಾವ ಎರಡು ಗಂಟೆ ಕೂತರು. ಅಜ್ಜಿ ಜಪಾನಿಯಲ್ಲಿ, ಇವರು ಪಾವಗಡದ ಮಾತಿನಲ್ಲಿ, ಪುರುಸೊತ್ತಿಲ್ಲದೆ ಹರಟಿದರು. ಏನು ಮಾತಾಡಿದಿರಿ ಎಂದು ಕೇಳಿದರೆ, "ಮೊಣಕಾಲು ನೋವಂತೆ, ನಂಗೂ ಐತೆ ಅಂದೆ," ಎಂದರು.

ಹೊರಡುವ ಬೆಳಗ್ಗೆ ಸುಜಾತಳಿಗೆ ಡ್ಯೂಟಿ ಇತ್ತು, ಸ್ಟೇಷನ್ನಿಗೆ ಬರಲಾಗಲಿಲ್ಲ. ತಾದಾವೊ ನಮ್ಮನ್ನು ವ್ಯಾನಿನಲ್ಲಿ ಬಿಟ್ಟು, ಒಂದು ಚೀಲ ಸೇಬು ಕೊಟ್ಟು, ರೈಲು ಹೊರಟರೂ ಬಗ್ಗಿದವರು ಬಗ್ಗಿದಂತೆಯೇ ನಿಂತಿದ್ದರು. ಎರಡು ನಿಮಿಷದಲ್ಲಿ ಗದ್ದೆಗಳ ನಡುವಿನ ಲೆವೆಲ್ ಕ್ರಾಸಿಂಗ್ ಬಂತು. ಗೇಟಿನ ಆಚೆ ನಾಲ್ಕು ಗಾಲಿಕುರ್ಚಿಗಳು ಸಾಲಾಗಿ ನಿಂತಿದ್ದವು, ಎಲ್ಲರ ಮಡಿಲಲ್ಲೂ ಕಂಬಳಿ. ಮಧ್ಯದಲ್ಲಿ ನೀಲಿ ಸಮವಸ್ತ್ರದ ಸುಜಾತ ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಕಿಯೊ ಅಜ್ಜಿಯೂ ಬೀಸುತ್ತಿದ್ದರು.

ಮಾವ ಒಂಟಿಕಾಲಿನಲ್ಲಿ ಎದ್ದು ಕಿಟಕಿಗೆ ಅಂಗೈ ಒತ್ತಿದರು. ಸುಜಾತ ಬಾಯಗಲಿಸಿ ಏನೋ ಕೂಗಿದಳು. ಗಾಜು ಮುಚ್ಚಿತ್ತು, ಕೇಳಿಸಲಿಲ್ಲ.

"ಏನಂದ್ಲು?" ಎಂದರು ಮಾವ.

"ಕಾಲು ಊರ್ಬ್ಯಾಡ, ಕೂತ್ಕ ಅಂತ," ಎಂದರು ಅತ್ತೆ.

ಮಾವ ಕೂತರು. ಆದರೆ ಕ್ರಾಸಿಂಗ್ ಮರೆಯಾಗುವವರೆಗೂ ಕುತ್ತಿಗೆ ಹಿಂದಕ್ಕೆ ತಿರುಗಿಸಿಕೊಂಡೇ ಇದ್ದರು. ನಾನೂ ಅಷ್ಟೇ.