ತುಳಸಿಕಟ್ಟೆಯ ತಂತಿ

ಮಧುಗಿರಿಯಲ್ಲಿ ರೇಡಿಯೋ ಇದ್ದ ನಾಲ್ಕಾರು ಮನೆಗಳಿಗೂ ಒಬ್ಬರೇ ರಿಪೇರಿಯವರು. ಸೂರಿನ ಮೇಲೆ ಏರಿಯಲ್ ಕಟ್ಟಿದ ಮೇಲೆ, ಸಿಡಿಲು ಬಡಿದರೆ ಇಳಿದುಹೋಗಲೆಂದು ಒಂದು ತಂತಿಯನ್ನು ನೆಲದಲ್ಲಿ ಹೂಳುತ್ತಿದ್ದರು. ಅದಕ್ಕೆ ಹಸಿಮಣ್ಣು ಬೇಕು. ನಮ್ಮ ಸೀಮೆಯಲ್ಲಿ ಅದೆಲ್ಲಿ? ನಮ್ಮ ಅಂಗಳದ ಮಣ್ಣನ್ನೆಲ್ಲ ಹಿಡಿಹಿಡಿಯಾಗಿ ಹಿಸುಕಿ ನೋಡಿ, ಕೊನೆಗೆ ದಿನವೂ ನೀರು ಬೀಳುವ ತುಳಸಿಕಟ್ಟೆಯನ್ನೇ ಆರಿಸಿದರು. “ಇನ್ನು ಪೆಟ್ಟಿಗೆಗೆ ಏನೂ ಆಗಾಕಿಲ್ಲ ಬುಡಿ ಸ್ವಾಮಿ,” ಅಂದರು. ಎಲ್ಲ ಮನೆಯಲ್ಲೂ ತುಳಸಿಕಟ್ಟೆಯೇ, ಅದೇ ಮಾತು.

ಒಂದು ಮುಸ್ಸಂಜೆ ಮಳೆಗೆ ಮೊದಲೇ ಗುಡುಗು ಶುರುವಾಯಿತು. ಚಿಕ್ಕಮ್ಮ ಎಂದಿನಂತೆ ತುಳಸಿಗೆ ದೀಪವಿಡಲು ಹೋದರು. ಸಿಡಿಲು ಏರಿಯಲ್‌ಗೆ ಬಡಿದು, ರಿಪೇರಿಯವರು ಹೇಳಿದ್ದ ದಾರಿಯಲ್ಲೇ ಇಳಿಯಿತು. ಚಿಕ್ಕಮ್ಮ ಮತ್ತೆ ಏಳಲಿಲ್ಲ.

ಮೂರನೆಯ ದಿನ ರಿಪೇರಿಯವರು ಬಂದರು. ಉಳಿದ ಮನೆಗಳ ತಂತಿಗಳನ್ನೆಲ್ಲ ಆಗಲೇ ಕಿತ್ತು, ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದರು. ಒಳಗೆ ಕಾಲಿಡಲಿಲ್ಲ. ಕಟ್ಟೆಯ ಮಣ್ಣನ್ನು ಬರಿಗೈಯಲ್ಲೇ ಬಗೆದು ನಮ್ಮದನ್ನೂ ಕಿತ್ತರು.

“ರೇಡಿಯೋ ನೋಡಲ್ವೇನ್ರಿ?” ಅಂದರು ಚಿಕ್ಕಪ್ಪ.

ಅವರು ಹಿಡಿಮಣ್ಣು ಹಿಸುಕುತ್ತ ನಿಂತರು. ತಲೆ ಎತ್ತಲಿಲ್ಲ. “ಅದಕ್ಕೇನೂ ಆಗಿರಾಕಿಲ್ಲ, ಸ್ವಾಮಿ.”

ಆಗಿರಲಿಲ್ಲ. ಸೂತಕ ಕಳೆದ ಮೇಲೆ ಚಿಕ್ಕಪ್ಪ ತಿರುಪು ತಿರುಗಿಸಿದಾಗ, ಪೆಟ್ಟಿಗೆ ಎಂದಿನಂತೆ ಹಾಡಿತು.